ಸಾಥ್ ಕೊಡುತ್ತಿದ್ದ ರಿಕ್ ರೈಟ್ ಮತ್ತು ಯಾರೂ ಕೇಳದ ‘ಝೀ’

2008ರ ಸೆಪ್ಟೆಂಬರ್ 15, ಸೋಮವಾರ. ಆ ದಿನ ಅಮೆರಿಕದ ಲೀಮನ್ ಬ್ರದರ್ಸ್ ಬ್ಯಾಂಕು ದಿವಾಳಿಯಾಯಿತು. ನಾನು ಕೆಲಸ ಮಾಡುತ್ತಿದ್ದ ಬೆಂಗಳೂರಿನ ಕಚೇರಿಯಲ್ಲಿ ವಾರವಿಡೀ ಅದರದೇ ಮಾತು. ಯಾರ ಕೆಲಸ ಉಳಿಯುತ್ತದೆ, ಯಾರದು ಹೋಗುತ್ತದೆ ಎಂಬ ಆತಂಕದಲ್ಲಿ ಬೇರೆ ಯಾವ ಸುದ್ದಿಯೂ ಕಿವಿಗೆ ಬೀಳುತ್ತಿರಲಿಲ್ಲ. ಅದೇ ಸೋಮವಾರ ಲಂಡನ್ನಿನಲ್ಲಿ ರಿಚರ್ಡ್ (ರಿಕ್) ರೈಟ್ ಕ್ಯಾನ್ಸರಿನಿಂದ ತೀರಿಕೊಂಡಿದ್ದರೆಂದು ನನಗೆ ಗೊತ್ತಾದದ್ದು ಎರಡು ದಿನ ಕಳೆದ ಮೇಲೆ, ಪತ್ರಿಕೆಯ ಒಳಪುಟದ ಕೆಳಮೂಲೆಯಲ್ಲಿದ್ದ ಸಣ್ಣ ಸುದ್ದಿಯಿಂದ. ಅವರಿಗೆ 65 ವರ್ಷ ವಯಸ್ಸಾಗಿತ್ತು. ಬ್ರಿಟನ್ನಿನ ರಾಕ್ ಸಂಗೀತದ ಪಿಂಕ್ ಫ್ಲಾಯ್ಡ್ ತಂಡದ ಕೀಬೋರ್ಡ್ ವಾದಕ, ತಂಡದ ಸ್ಥಾಪಕ ಸದಸ್ಯರಲ್ಲೊಬ್ಬರು ಎಂದಷ್ಟೇ ಅಲ್ಲಿ ಬರೆದಿತ್ತು. ಬದುಕಿದ್ದಾಗಲೂ ಮೂಲೆಯಲ್ಲೇ ನಿಂತಿದ್ದವರಿಗೆ ಸಾವಿನ ದಿನವೂ ಮೂಲೆಯೇ ದಕ್ಕಿತಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಯಿತು.

ರೈಟ್ ಅವರನ್ನು ನಾನು ಕೇಳಿಸಿಕೊಂಡ ಬಗೆಗೆ ನನ್ನ ಸೋದರಮಾವ ಕಾರಣ. ಅವರು ಧಾರವಾಡದಲ್ಲಿದ್ದರು, ಮನೆಯ ಬೈಠಕ್ಕುಗಳಲ್ಲಿ, ಗುಡಿಯ ಉತ್ಸವಗಳಲ್ಲಿ ಹಾಡುವವರಿಗೆ ಹಾರ್ಮೋನಿಯಂ ಸಾಥ್ ಕೊಡುತ್ತಿದ್ದರು. ಅವರಿಗೆ ರಾಕ್ ಸಂಗೀತ ಎಂದರೇನೆಂದೇ ಗೊತ್ತಿರಲಿಲ್ಲ. ಆದರೆ ರಜೆಯಲ್ಲಿ ಹೋದಾಗ ನಾನು ಪೆಟ್ಟಿಗೆಯ ಮೇಲೆ ಬೆರಳಾಡಿಸುತ್ತ ಅವಸರ ಮಾಡಿದರೆ, “ಮೊದಲ ಹಾಡಾವ್ರ ಉಸುರು ಕೇಳಬೇಕಪಾ, ಸ್ವರ ಆಮ್ಯಾಲೆ” ಎನ್ನುತ್ತಿದ್ದರು. ಮುಂದೆ ಹಾಸ್ಟೆಲಿನಲ್ಲಿ ಗೆಳೆಯನೊಬ್ಬನ ಕ್ಯಾಸೆಟ್ಟಿನಿಂದ ಪಿಂಕ್ ಫ್ಲಾಯ್ಡ್ ಕೇಳಿದಾಗ, ಎಲ್ಲರೂ ಗಿಟಾರಿಗೆ ತಲೆದೂಗುತ್ತಿದ್ದರೆ ನನ್ನ ಕಿವಿ ಗಿಟಾರಿನ ಹಿಂದೆ ಉಸಿರು ಹಿಡಿದು ಕಾಯುತ್ತಿದ್ದ ಆರ್ಗನ್ನಿನ ಕಡೆಗೆ ಹೋಯಿತು. ಇದು ಸಾಥ್, ಮಾಮಾ ಮಾಡುತ್ತಿದ್ದ ಕೆಲಸವೇ ಇದು ಎಂದು ಅನ್ನಿಸಿತು. ಅಂದಿನಿಂದ ಇಂದಿನವರೆಗೂ ರೈಟ್ ಅವರನ್ನು ನಾನು ಆ ಒಂದು ಪದದ ಮೂಲಕವೇ ಅರ್ಥ ಮಾಡಿಕೊಳ್ಳುತ್ತ ಬಂದಿದ್ದೇನೆ. ಅವರ ಬದುಕಿನಲ್ಲಿ ಎಲ್ಲರೂ ತಪ್ಪೆಂದು ಬದಿಗಿಟ್ಟ, ‘ಝೀ’ ಹೆಸರಿನಲ್ಲಿ ಬಂದ ‘ಐಡೆಂಟಿಟಿ’ ಎಂಬ ಒಂದು ಆಲ್ಬಮ್ಮನ್ನು ಕುರಿತು ಬರೆಯಲು ಹೊರಟಿರುವುದೂ ಆ ಪದದ ಬಲದಿಂದಲೇ.

ರೈಟ್ ಹುಟ್ಟಿದ್ದು 1943ರ ಜುಲೈ 28ರಂದು, ಲಂಡನ್ನಿಗೆ ಅಂಟಿಕೊಂಡಿರುವ ಹ್ಯಾಚ್ ಎಂಡಿನಲ್ಲಿ. ಹನ್ನೆರಡನೆಯ ವಯಸ್ಸಿನಲ್ಲಿ ಕಾಲು ಮುರಿದು ಹಾಸಿಗೆ ಹಿಡಿದಾಗ ತಾವಾಗಿಯೇ ವಾದ್ಯ ನುಡಿಸಲು ಕಲಿತರು. 1962ರಲ್ಲಿ ವಾಸ್ತುಶಿಲ್ಪ ಓದಲೆಂದು ಲಂಡನ್ನಿನ ರೀಜೆಂಟ್ ಸ್ಟ್ರೀಟ್ ಪಾಲಿಟೆಕ್ನಿಕ್ಕಿಗೆ ಸೇರಿದರು. ಅಲ್ಲಿ ಸಹಪಾಠಿಗಳಾಗಿ ಸಿಕ್ಕಿದವರು, ಮುಂದೆ ಪಿಂಕ್ ಫ್ಲಾಯ್ಡ್ ತಂಡದಲ್ಲಿ ಜೊತೆಗಾರರಾದ ರೋಜರ್ ವಾಟರ್ಸ್ ಮತ್ತು ನಿಕ್ ಮೇಸನ್. ವಾಸ್ತುಶಿಲ್ಪ ಹಿಡಿಸಲಿಲ್ಲ, ಮನಸ್ಸೆಲ್ಲ ಜಾಝ್ ಸಂಗೀತದಲ್ಲಿತ್ತು. ಆ ಜಾಝ್ ಅವರನ್ನು ಎಂದೂ ಬಿಡಲಿಲ್ಲ. 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಮ್ಮಿನ ‘ಬ್ರೀದ್’ ಹಾಡಿನಲ್ಲಿ ಒಂದು ಸ್ವರಗುಚ್ಛ ಬರುತ್ತದೆ. ಅದರ ಹಿಂದಿನದೂ ಮುಂದಿನದೂ ಸರಳ, ನಡುವಿನ ಅದೊಂದು ಮಾತ್ರ ಸ್ವಲ್ಪ ಹುಳಿ ಬೆರೆತಂತೆ ಕೇಳಿಸುತ್ತದೆ. ಅದು ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಕೇಳಿ ತಮಗೆ ಬಂದದ್ದೆಂದು ರೈಟ್ ಹೇಳಿಕೊಂಡಿದ್ದರು. ಅದೇ ಆಲ್ಬಮ್ಮಿನ ‘ಅಸ್ ಅಂಡ್ ದೆಮ್’ ಹಾಡಿನ ಬೇರು ಇನ್ನೂ ಹಿಂದಿನದು. ಇಟಲಿಯ ನಿರ್ದೇಶಕ ಆಂಟೋನಿಯೋನಿ ಅವರ ‘ಝಬ್ರಿಸ್ಕಿ ಪಾಯಿಂಟ್’ ಚಿತ್ರದ ಹಿಂಸೆಯ ದೃಶ್ಯವೊಂದಕ್ಕೆಂದು ರೈಟ್ ಒಂದು ನಿಧಾನವಾದ ಪಿಯಾನೊ ರಚನೆ ಮಾಡಿದ್ದರು. ನಿರ್ದೇಶಕರು ಅದನ್ನು ಬಳಸಲಿಲ್ಲ. ಕೆಲವು ವರ್ಷ ಹಾಗೆಯೇ ಬಿದ್ದಿದ್ದ ಆ ತುಣುಕು ಮುಂದೆ ಜಗತ್ತು ತಲೆಯ ಮೇಲೆ ಹೊತ್ತ ಹಾಡಾಯಿತು. ಹಿಂಸೆಗೆ ಮೆಲುದನಿಯ ಪಿಯಾನೊ ಸಾಕು ಎಂದು ಭಾವಿಸಿದ ಮನುಷ್ಯ ಎಂಥವನಿರಬೇಕು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಆದರೂ ಅವರ ನಿಜವಾದ ಜಾಗ 1971ರ ‘ಎಕೋಸ್’ ಎಂದೇ ನನ್ನ ನಂಬಿಕೆ. ‘ಮೆಡ್ಲ್’ ಎಂಬ ಆಲ್ಬಮ್ಮಿನ ಒಂದು ಇಡೀ ಬದಿಯನ್ನು ತುಂಬುವ, ಇಪ್ಪತ್ಮೂರು ನಿಮಿಷಕ್ಕೂ ಮೀರಿದ ರಚನೆ ಅದು. ಪಿಯಾನೊದ ಒಂದೇ ಒಂದು ತಾರಸ್ವರವನ್ನು ತಿರುಗುವ ಲೆಸ್ಲಿ ಸ್ಪೀಕರಿನ ಮೂಲಕ ಹಾಯಿಸಿದಾಗ ಬಾವಿಗೆ ಹನಿ ಬಿದ್ದಂಥ ನಾದ ಹೊರಡುತ್ತದೆ, ಅದರಿಂದಲೇ ಆರಂಭ. ಆಮೇಲೆ ರೈಟ್ ಮತ್ತು ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಒಟ್ಟಿಗೆ ಹಾಡುತ್ತಾರೆ. ಎರಡು ಗಂಟಲುಗಳ ನಡುವೆ ಬಿರುಕು ಹುಡುಕಿದರೂ ಸಿಗುವುದಿಲ್ಲ. ಗಿಟಾರ್ ಒಂದು ಮಾತು ಆಡಿ ನಿಲ್ಲಿಸುತ್ತದೆ, ಆರ್ಗನ್ ಆ ಮಾತಿನ ಕೊನೆಯ ಅಕ್ಷರವನ್ನು ಎತ್ತಿಕೊಂಡು ಮುಂದುವರಿಸುತ್ತದೆ. ಯಾರು ಮುಂದೆ, ಯಾರು ಹಿಂದೆ ಎಂಬುದೇ ಅಲ್ಲಿ ಉಳಿಯುವುದಿಲ್ಲ.

ಎಪ್ಪತ್ತರ ದಶಕದ ಕೊನೆಗೆ ಈ ಸಂಬಂಧ ಹಳಸಿತು. 1978ರ ಆರಂಭದಲ್ಲಿ ರೈಟ್ ದಕ್ಷಿಣ ಫ್ರಾನ್ಸಿನ ಸೂಪರ್ ಬೇರ್ ಸ್ಟುಡಿಯೊದಲ್ಲಿ ‘ವೆಟ್ ಡ್ರೀಮ್’ ಎಂಬ ತಮ್ಮ ಮೊದಲ ಸ್ವಂತ ಆಲ್ಬಮ್ಮನ್ನು ಮುದ್ರಿಸಿದರು. ಸ್ನೋಯಿ ವೈಟ್ ಅವರ ಗಿಟಾರ್, ಮೆಲ್ ಕಾಲಿನ್ಸ್ ಅವರ ಸ್ಯಾಕ್ಸೊಫೋನ್ ಇರುವ ಆ ಆಲ್ಬಮ್ಮಿನಲ್ಲಿ ಸಮುದ್ರವಿದೆ, ದೋಣಿಯಿದೆ, ಮುರಿಯುತ್ತಿರುವ ಮನೆಯೊಂದರ ಮಂಕು ಇದೆ. ಅದನ್ನು ಈಗ ಜನ ಮತ್ತೆ ಕೇಳತೊಡಗಿದ್ದಾರೆ. ರೈಟ್ ಬದುಕಿದ್ದರೆ ಎಂಬತ್ತು ತುಂಬುತ್ತಿದ್ದ 2023ರಲ್ಲಿ ಬ್ರಿಟನ್ನಿನ ಸಂಗೀತಗಾರ ಸ್ಟೀವನ್ ವಿಲ್ಸನ್ ಅದರ ಧ್ವನಿಯನ್ನು ಹೊಸದಾಗಿ ಹೊಂದಿಸಿಕೊಟ್ಟರು. ಹಾಗಾಗಿ ಅದರ ಬಗ್ಗೆ ಹೆಚ್ಚು ಹೇಳುವ ಅಗತ್ಯ ನನಗೆ ಕಾಣುವುದಿಲ್ಲ.

1979ರಲ್ಲಿ ಪಿಂಕ್ ಫ್ಲಾಯ್ಡಿನ ‘ದ ವಾಲ್’ ಆಲ್ಬಮ್ಮಿನ ಮುದ್ರಣದ ನಡುವೆಯೇ ವಾಟರ್ಸ್ ಅವರ ಒತ್ತಾಯದಿಂದ ರೈಟ್ ತಂಡದಿಂದ ಹೊರಬೀಳಬೇಕಾಯಿತು. ಅವರು ಕೆಲಸಕ್ಕೆ ಕೈಜೋಡಿಸುತ್ತಿಲ್ಲವೆಂಬುದು ವಾಟರ್ಸ್ ಅವರ ದೂರಾಗಿತ್ತು. ರೈಟ್ ಅವರ ದಾಂಪತ್ಯ ಕುಸಿಯುತ್ತಿತ್ತು, ತಂಡದ ಹಣಕಾಸಿನ ಸ್ಥಿತಿಯೂ ಕೆಟ್ಟಿತ್ತು, ಅವರ ಬಳಿ ಹೊಸ ರಚನೆಗಳೂ ಇರಲಿಲ್ಲ. ಇದರಲ್ಲಿ ಯಾರದೆಷ್ಟು ತಪ್ಪು ಎಂದು ನಾನು ಇಲ್ಲಿ ಕುಳಿತು ತೀರ್ಪು ಕೊಡಲಾರೆ. ಆದರೆ ಆಮೇಲೆ ನಡೆದದ್ದು ಮನಸ್ಸಿಗೆ ನಾಟುವಂಥದು. 1980 ಮತ್ತು 81ರಲ್ಲಿ ‘ದ ವಾಲ್’ ಕಛೇರಿಗಳು ನಡೆದಾಗ ರೈಟ್ ಅದೇ ವೇದಿಕೆಯಲ್ಲಿ, ಅದೇ ಕೀಬೋರ್ಡುಗಳ ಹಿಂದೆ, ಸಂಬಳಕ್ಕೆ ನುಡಿಸುವ ವಾದಕನಾಗಿ ನಿಂತರು. ವೇದಿಕೆಯ ಮೇಲೆ ಗೋಡೆ ಕಟ್ಟಿ ಕೆಡಹುವ ಆ ಪ್ರದರ್ಶನಗಳಿಗೆ ತಗಲಿದ ಖರ್ಚು ವಿಪರೀತವಾಗಿದ್ದರಿಂದ ಉಳಿದ ಮೂವರಿಗೂ ನಷ್ಟವಾಯಿತು. ಸಂಬಳದ ರೈಟ್ ಒಬ್ಬರಿಗೇ ಹಣ ಉಳಿಯಿತು. ಇದನ್ನು ತಮಾಷೆಯ ಕಥೆಯಂತೆ ಹೇಳುವವರಿದ್ದಾರೆ. ತಾನೇ ಕಟ್ಟಿದ ಮನೆಯಲ್ಲಿ ಬಾಡಿಗೆಗೆ ಕುಳಿತವನ ಕೈಗೆ ಬಂದ ಹಣ ಅದು ಎಂದು ನೆನೆದರೆ ನನಗೆ ನಗು ಬರುವುದಿಲ್ಲ. 1983ರ ‘ದ ಫೈನಲ್ ಕಟ್’ ಆಲ್ಬಮ್ಮಿನಲ್ಲಿ ಅವರು ಇಲ್ಲವೇ ಇಲ್ಲ.

ಹೀಗೆ ಹೊರಗೆ ನಿಂತ ಹೊತ್ತಿನಲ್ಲಿ ರೈಟ್ ಕಟ್ಟಿಕೊಂಡದ್ದು ‘ಝೀ’. ನಮ್ಮಲ್ಲಿ ಆ ಹೆಸರಿನ ಟಿ.ವಿ. ವಾಹಿನಿಗಳಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಇದು ಇಬ್ಬರೇ ಇದ್ದ ಒಂದು ತಂಡ. ಇನ್ನೊಬ್ಬರು ಡೇವ್ ಹ್ಯಾರಿಸ್. ಬರ್ಮಿಂಗ್‌ಹ್ಯಾಮ್ ನಗರದ ‘ಫ್ಯಾಶನ್’ ಎಂಬ ತಂಡದಲ್ಲಿ ಹಾಡುತ್ತ, ಗಿಟಾರ್ ನುಡಿಸುತ್ತ ಇದ್ದವರು. ಆ ತಂಡದ ‘ಫ್ಯಾಬ್ರಿಕ್’ ಎಂಬ ಆಲ್ಬಮ್ 1982ರಲ್ಲಿ ಬ್ರಿಟನ್ನಿನಲ್ಲಿ ಚೆನ್ನಾಗಿಯೇ ಓಡಿತ್ತು. ಹೊಳಪಿನ ಉಡುಪು, ಸಿಂಥಸೈಜರ್, ಕುಣಿತದ ತಾಳ, ಇವುಗಳ ಪೀಳಿಗೆಯವರು ಹ್ಯಾರಿಸ್; ರೈಟ್ ಆ ವೇಳೆಗೆ ನಲವತ್ತು ದಾಟಿದವರು. ಇಬ್ಬರೂ ಸೇರಿ ಮಾಡಿದ ಏಕೈಕ ಆಲ್ಬಮ್ ‘ಐಡೆಂಟಿಟಿ’ 1984ರ ಏಪ್ರಿಲಿನಲ್ಲಿ ಹೊರಬಂತು.

ಆ ವಸಂತವನ್ನು ಸ್ವಲ್ಪ ನೋಡಬೇಕು. ಮಾರ್ಚಿನಲ್ಲಿ ಗಿಲ್ಮೋರ್ ಅವರ ‘ಅಬೌಟ್ ಫೇಸ್’ ಬಂದಿತ್ತು. ಅದರ ಹಿಂದೆಯೇ ವಾಟರ್ಸ್ ಅವರ ‘ದ ಪ್ರೋಸ್ ಅಂಡ್ ಕಾನ್ಸ್ ಆಫ್ ಹಿಚ್ ಹೈಕಿಂಗ್’ ಬಂತು. ಒಂದೇ ಮನೆಯ ಮೂವರು ಒಂದೇ ಋತುವಿನಲ್ಲಿ ಬೇರೆ ಬೇರೆ ಬಾಗಿಲುಗಳಿಂದ ಹೊರಗೆ ಬಂದರು. ಇಬ್ಬರ ಹೆಸರು ಆಲ್ಬಮ್ಮುಗಳ ಮುಖದ ಮೇಲಿತ್ತು, ಪತ್ರಿಕೆಗಳು ಅವರಿಬ್ಬರನ್ನು ತೂಗಿ ನೋಡಿದವು. ಮೂರನೆಯವರು ‘ಝೀ’ ಎಂಬ ಒಂದು ಅಕ್ಷರದ ಹೆಸರಿನ ಹಿಂದೆ ನಿಂತಿದ್ದರು. ಆಲ್ಬಮ್ಮಿನ ಹೆಸರೇನೋ ‘ಗುರುತು’ ಎಂಬ ಅರ್ಥದ್ದು. ಮಾಡಿದವರ ಗುರುತು ಮಾತ್ರ ಜನರಿಗೆ ಹತ್ತಲಿಲ್ಲ. ಅಮೆರಿಕದಲ್ಲಿ ಅದು ಬಿಡುಗಡೆಯೇ ಆಗಲಿಲ್ಲ. ಬ್ರಿಟನ್ನಿನಲ್ಲಿ ‘ಕನ್‌ಫ್ಯೂಶನ್’ ಎಂಬ ಹಾಡನ್ನು ಬಿಡಿಯಾಗಿ ಹೊರತಂದರೂ ಯಾರೂ ತಿರುಗಿ ನೋಡಲಿಲ್ಲ.

ನನಗೆ ಅದು ಸಿಕ್ಕಿದ್ದು ರೈಟ್ ತೀರಿಕೊಂಡ ಮರುವರ್ಷ. ಹಾಸ್ಟೆಲಿನ ಅದೇ ಗೆಳೆಯ ಇಂಗ್ಲೆಂಡಿನಲ್ಲಿ ಕೆಲಸದ ಮೇಲಿದ್ದ. ಅಲ್ಲಿನ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಮೂಲ ಕ್ಯಾಸೆಟ್ಟನ್ನೇ ಕೊಂಡು ತಂದು ಕೊಟ್ಟ. ಮನೆಯಲ್ಲಿ ಕ್ಯಾಸೆಟ್ ಹಾಕುವ ಯಂತ್ರವೇ ಕೆಟ್ಟುಹೋಗಿತ್ತು. ಅದನ್ನು ರಿಪೇರಿ ಮಾಡಿಸಿ, ಒಂದು ಭಾನುವಾರ ಬೆಳಿಗ್ಗೆ ಕುಳಿತು ಕೇಳಿದೆ. ಮೊದಲ ಸಲ ಕೇಳಿ ಮುಗಿಸಿದಾಗ ಆದ ನಿರಾಶೆ ಇನ್ನೂ ನೆನಪಿದೆ. ರೈಟ್ ಎಲ್ಲಿ ಎಂದು ಹುಡುಕುತ್ತಲೇ ಎರಡೂ ಬದಿ ಮುಗಿದಿದ್ದವು. ಹಾಡುವ ದನಿ ಹ್ಯಾರಿಸ್ ಅವರದು, ಸಾಹಿತ್ಯ ಹ್ಯಾರಿಸ್ ಅವರದು. ತಾಳವೆಲ್ಲ ಯಂತ್ರದ ಬಡಿತ. ಬಾವಿಗೆ ಬೀಳುವ ಆ ಹನಿ ಎಲ್ಲಿಯೂ ಇಲ್ಲ.

ಇದಕ್ಕೆ ಕಾರಣ ಒಂದು ಯಂತ್ರ. ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ‘ಐಡೆಂಟಿಟಿ’ಯಲ್ಲಿ ಹಾಡುವವರಿಗಿಂತ ಹೆಚ್ಚು ಕೇಳಿಸುವುದು ಅದೇ. ಆಸ್ಟ್ರೇಲಿಯದ ಸಿಡ್ನಿಯಲ್ಲಿ ಪೀಟರ್ ವೋಗಲ್ ಮತ್ತು ಕಿಮ್ ರೈರಿ ಎಂಬಿಬ್ಬರು ಕಟ್ಟಿ 1979ರಲ್ಲಿ ಮಾರುಕಟ್ಟೆಗೆ ತಂದ ಫೇರ್‌ಲೈಟ್ ಎಂಬ ಕಂಪ್ಯೂಟರ್ ವಾದ್ಯ ಅದು. ಸಿಡ್ನಿ ಬಂದರಿನಲ್ಲಿ ಓಡಾಡುತ್ತಿದ್ದ ದೋಣಿಯೊಂದರ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಪಿಯಾನೊದಂಥ ಒಂದು ಮಣೆ, ಹಸಿರು ಅಕ್ಷರ ಮೂಡುವ ಒಂದು ಪರದೆ, ಪರದೆಯ ಮೇಲೆ ಬರೆಯಲು ಒಂದು ಬೆಳಕಿನ ಲೇಖನಿ, ತಟ್ಟೆಯಷ್ಟು ಅಗಲದ, ಎಂಟು ಇಂಚಿನ ಫ್ಲಾಪಿಗಳು. ಜಗತ್ತಿನ ಯಾವ ಸದ್ದನ್ನಾದರೂ ಅದರೊಳಗೆ ಹಿಡಿದಿಟ್ಟು, ಅದನ್ನೇ ಮಣೆಯ ಮೇಲೆ ಏಳು ಸ್ವರಗಳಲ್ಲಿ ನುಡಿಸಬಹುದಿತ್ತು. ಗಾಜು ಒಡೆಯುವ ಸದ್ದೂ ಕೊಳಲಿನ ಉಸಿರೂ ಅದಕ್ಕೆ ಒಂದೇ. 1982ರಲ್ಲಿ ಬಂದ ಎರಡನೆಯ ಮಾದರಿಯಲ್ಲಿ ಇನ್ನೊಂದು ಸೌಲಭ್ಯ ಸೇರಿತು: ಪರದೆಯ ಮೇಲೆ ಎಡದಿಂದ ಬಲಕ್ಕೆ ಸ್ವರಗಳನ್ನು ಜೋಡಿಸಿಟ್ಟರೆ ಯಂತ್ರವೇ ಅವನ್ನು ತಾಳ ತಪ್ಪದೆ ನುಡಿಸುತ್ತ ಹೋಗುತ್ತಿತ್ತು. ಪೀಟರ್ ಗೇಬ್ರಿಯಲ್, ಕೇಟ್ ಬುಶ್ ಮೊದಲಾದವರು ಈ ಯಂತ್ರದಿಂದ ಅದ್ಭುತಗಳನ್ನೇ ಮಾಡಿದರು. ಅವರೆಲ್ಲ ಮುಂದೆ ನಿಂತು ಹಾಡುವವರು. ತಮ್ಮ ಕಲ್ಪನೆಗೆ ತಕ್ಕಂತೆ ಯಂತ್ರವನ್ನು ಬಗ್ಗಿಸಿಕೊಂಡರು.

ರೈಟ್ ಅವರ ಕಷ್ಟ ಬೇರೆ ಎಂದು ನನಗೆ ಹೊಳೆದದ್ದು ನಾಲ್ಕೈದು ಸಲ ಕೇಳಿದ ಮೇಲೆ. ಸಾಥ್ ಕೊಡುವವನು ಕೈ ಇಡುವ ಮುಂಚೆ ಎದುರಿನವರು ಏನು ಮಾಡುತ್ತಾರೆಂದು ಕಾಯುತ್ತಾನೆ. ಹಾಡುವವರು ಒಂದು ಸ್ವರದ ಮೇಲೆ ಕ್ಷಣ ಹೆಚ್ಚು ನಿಂತರೆ ತಾನೂ ನಿಲ್ಲುತ್ತಾನೆ. ಅವರು ಜಾರಿದರೆ ಹಿಡಿದುಕೊಳ್ಳುತ್ತಾನೆ. ಯಂತ್ರ ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲ, ಜಾರುವುದೂ ಇಲ್ಲ. ಪರದೆಯಲ್ಲಿ ಜೋಡಿಸಿಟ್ಟ ಸ್ವರಕ್ಕೆ ಉಸಿರಿಲ್ಲ, ಹಾಗಾಗಿ ಅದರ ಉಸಿರು ಕೇಳುವ ಪ್ರಶ್ನೆಯೂ ಇಲ್ಲ. ಇಪ್ಪತ್ತು ವರ್ಷ ಗಿಟಾರಿನ ಮಾತಿಗೆ ಓಗೊಟ್ಟು ಬೆಳೆದ ಕೈಗಳು ಓಗೊಡಲು ಏನೂ ಇಲ್ಲದ ಜಾಗದಲ್ಲಿ ಏನು ಮಾಡುತ್ತವೆ ಎಂಬುದಕ್ಕೆ ‘ಐಡೆಂಟಿಟಿ’ಗಿಂತ ಪ್ರಾಮಾಣಿಕವಾದ ಇನ್ನೊಂದು ದಾಖಲೆ ನನಗೆ ಗೊತ್ತಿಲ್ಲ.

ಹಾಗೆಂದು ಅಲ್ಲಿ ರೈಟ್ ಇಲ್ಲವೇ ಇಲ್ಲ ಎಂಬ ಮಾತನ್ನು ಈಗ ನಾನು ಒಪ್ಪುವುದಿಲ್ಲ. ‘ಪ್ರೈವೇಟ್ ಪರ್ಸನ್’ ಎಂಬ ಹಾಡು ಬಂದಾಗ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಕೂರುತ್ತೇನೆ. ಅದರ ಸಾಹಿತ್ಯವೂ ಹ್ಯಾರಿಸ್ ಅವರದೇ, ಆದರೆ ತನ್ನಷ್ಟಕ್ಕೆ ತಾನಿರುವವನು ಎಂಬ ಆ ಶೀರ್ಷಿಕೆ ಪಕ್ಕದಲ್ಲಿ ಕುಳಿತಿದ್ದ ಮನುಷ್ಯನಿಗೆ ಎಷ್ಟು ಹೊಂದುತ್ತದೆಂದರೆ, ಕವಿ ಯಾರನ್ನು ನೋಡುತ್ತ ಅದನ್ನು ಬರೆದಿರಬಹುದೆಂಬ ಅನುಮಾನ ನನ್ನನ್ನು ಬಿಡುವುದಿಲ್ಲ. ಅಲ್ಲಿ ಬಡಿತ ಸ್ವಲ್ಪ ತಗ್ಗುತ್ತದೆ. ದನಿಯ ಕೆಳಗೆ ಅಗಲವಾದ ಸ್ವರಗಳು ನಿಧಾನವಾಗಿ ಹರಡಿಕೊಳ್ಳುತ್ತವೆ. ಕೊನೆಯ ‘ಸೀಮ್ಸ್ ವಿ ವರ್ ಡ್ರೀಮಿಂಗ್’ ಹಾಡಿನಲ್ಲಿಯೂ ಅಂಥದೇ ಒಂದು ಬಿಡುವು ಇದೆ. ಹ್ಯಾರಿಸ್ ಅವರ ದನಿ ಒಬ್ಬಂಟಿಯಾದ ಕಡೆಗಳಲ್ಲಿ ರೈಟ್ ಮೆಲ್ಲಗೆ ಬಂದು ಪಕ್ಕದಲ್ಲಿ ನಿಲ್ಲುತ್ತಾರೆ. ‘ಸ್ಟ್ರೇಂಜ್ ರಿದಮ್’ ಮಾತ್ರ ಇಂದಿಗೂ ನನಗೆ ಒಗ್ಗಿಲ್ಲ; ಅಲ್ಲಿ ಯಂತ್ರವೇ ಎಲ್ಲ ಮಾತನ್ನೂ ಆಡಿಬಿಡುತ್ತದೆ.

ಮುಂದೆ ಸಂದರ್ಶನಗಳಲ್ಲಿ ರೈಟ್ ಈ ಆಲ್ಬಮ್ಮನ್ನು ತಾವೇ ತಳ್ಳಿಹಾಕಿದರು. ಅದೊಂದು ಕೆಟ್ಟುಹೋದ ಪ್ರಯೋಗ, ದಾರಿ ತಪ್ಪಿದ್ದ ಕಾಲದಲ್ಲಿ ಮಾಡಿದ್ದು ಎಂಬ ಅರ್ಥದಲ್ಲಿ ಮಾತಾಡಿದರು. ಮಾಡಿದವರೇ ಹೀಗೆಂದ ಮೇಲೆ ಅಭಿಮಾನಿಗಳು ಅದನ್ನು ಕೇಳುವ ಗೊಡವೆಗೇ ಹೋಗಲಿಲ್ಲ. ನನಗೆ ಅವರ ಮಾತಿನ ಮೇಲೆ ಗೌರವವಿದೆ, ಆದರೂ ಒಪ್ಪಿಗೆಯಿಲ್ಲ. ದಾರಿ ತಪ್ಪಿದ್ದ ಕಾಲದಲ್ಲಿ ಅವರು ಸುಮ್ಮನೆ ಕೂರಬಹುದಿತ್ತು. ಹಳೆಯ ಹಾಡುಗಳ ಗೌರವಧನ ಬರುತ್ತಲೇ ಇತ್ತು. ಹಾಗೆ ಮಾಡದೆ, ಹೊಸ ಪೀಳಿಗೆಯ ಹುಡುಗನೊಬ್ಬನ ಪಕ್ಕದಲ್ಲಿ ಕುಳಿತು, ತನಗೆ ಅಭ್ಯಾಸವಿಲ್ಲದ ಯಂತ್ರವನ್ನು ಕಲಿಯುತ್ತ, ಸಾಹಿತ್ಯವನ್ನೂ ದನಿಯನ್ನೂ ಅವನಿಗೇ ಬಿಟ್ಟುಕೊಟ್ಟರು. ಹೊರಗೆ ಹಾಕಿಸಿಕೊಂಡವರು ಮೊದಲು ಮಾಡುವುದು ತನ್ನ ಹೆಸರನ್ನು ದೊಡ್ಡದಾಗಿ ಬರೆಸುವುದು. ಇವರು ಹೊರಬಿದ್ದ ಮೇಲೂ ಮತ್ತೊಬ್ಬರ ಹಿಂದೆ ಕೂರಲು ಜಾಗ ಹುಡುಕಿದರು. ಅದನ್ನು ಸೋಲೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

1987ರ ‘ಎ ಮೊಮೆಂಟರಿ ಲ್ಯಾಪ್ಸ್ ಆಫ್ ರೀಸನ್’ ಹೊತ್ತಿಗೆ ಗಿಲ್ಮೋರ್ ಮತ್ತು ಮೇಸನ್ ಇಬ್ಬರೂ ಸೇರಿ ರೈಟ್ ಅವರನ್ನು ಮರಳಿ ಕರೆದರು. ಆಗಲೂ ಸಂಬಳದ ವಾದಕನಾಗಿಯೇ. 1994ರ ‘ದ ಡಿವಿಶನ್ ಬೆಲ್’ ಆಲ್ಬಮ್ಮಿಗೆ ಬರುವಷ್ಟರಲ್ಲಿ ಐದು ರಚನೆಗಳ ಮೇಲೆ ಅವರ ಹೆಸರು ಮತ್ತೆ ಮೂಡಿತ್ತು. ‘ವೇರಿಂಗ್ ದಿ ಇನ್‌ಸೈಡ್ ಔಟ್’ ಹಾಡನ್ನು ಅವರೇ ಮುಂದೆ ನಿಂತು ಹಾಡಿದರು. ಬಹುಕಾಲ ಮಾತು ಸತ್ತು ಕುಳಿತಿದ್ದ ಮನುಷ್ಯ ಮೆಲ್ಲಗೆ ಬಾಯಿ ತೆರೆಯುವ ಹಾಡು ಅದು; ಸಾಹಿತ್ಯ ಆಂಟನಿ ಮೂರ್ ಅವರದು. ಅದೇ ಮೂರ್ ಜೊತೆ ಸೇರಿ 1996ರಲ್ಲಿ ರೈಟ್ ‘ಬ್ರೋಕನ್ ಚೈನಾ’ ಮಾಡಿದರು. ತಮ್ಮ ಹತ್ತಿರದವರೊಬ್ಬರು ಖಿನ್ನತೆಯಲ್ಲಿ ಮುಳುಗಿ ಎದ್ದು ಬಂದುದನ್ನು ಹದಿನಾರು ರಚನೆಗಳಲ್ಲಿ ಹೇಳುವ ಆಲ್ಬಮ್ ಅದು. ಅದರ ಎರಡು ಹಾಡುಗಳನ್ನು ಶಿನೇಡ್ ಓ’ಕಾನರ್ ಹಾಡಿದ್ದಾರೆ. ಅಲ್ಲಿಯೂ ಯಂತ್ರಗಳು ಧಾರಾಳವಾಗಿವೆ. ಆದರೆ ಮನು ಕಾಚೆ ಅವರ ಡ್ರಮ್ಮು, ಪಿನೊ ಪಲ್ಲಾಡಿನೊ ಅವರ ಬೇಸ್ ಗಿಟಾರ್ ಪಕ್ಕದಲ್ಲಿ ಉಸಿರಾಡುತ್ತಿವೆ. ಎದುರಿಗೆ ಓ’ಕಾನರ್ ಅವರಂಥ ದನಿಯಿದೆ. ‘ಐಡೆಂಟಿಟಿ’ಯ ಬೆನ್ನಿಗೇ ‘ಬ್ರೋಕನ್ ಚೈನಾ’ ಕೇಳಿದವರಿಗೆ, ಮೊದಲನೆಯದರಲ್ಲಿ ಕಲಿತ ಪಾಠವೇ ಹನ್ನೆರಡು ವರ್ಷಗಳ ನಂತರ ಎರಡನೆಯದರಲ್ಲಿ ಫಲ ಕೊಟ್ಟಿತೆಂದು ಅನ್ನಿಸದೆ ಇರದು. ನನಗಂತೂ ಹಾಗೆಯೇ ಕೇಳಿಸುತ್ತದೆ.

2002ರ ಏಪ್ರಿಲಿನಲ್ಲಿ ರೋಜರ್ ವಾಟರ್ಸ್ ಬೆಂಗಳೂರಿಗೆ ಬಂದು ಅರಮನೆ ಮೈದಾನದಲ್ಲಿ ಹಾಡಿದಾಗ ನಾನೂ ಆ ಜನಸಾಗರದಲ್ಲಿದ್ದೆ. ಬದುಕಿನ ದೊಡ್ಡ ಸಂಜೆಗಳಲ್ಲಿ ಅದೂ ಒಂದು. ಆದರೂ ‘ಶೈನ್ ಆನ್ ಯೂ ಕ್ರೇಜಿ ಡೈಮಂಡ್’ ಆರಂಭವಾಗಿ, ಆ ನೀಳವಾದ ಸ್ವರ ಕತ್ತಲಲ್ಲಿ ಹರಡಿಕೊಂಡಾಗ, ಕೀಬೋರ್ಡಿನ ಹಿಂದೆ ಬೇರೆ ಯಾರೋ ಇದ್ದಾರೆಂಬುದನ್ನು ಮರೆಯಲಾಗಲಿಲ್ಲ. 1975ರಲ್ಲಿ ಆ ರಚನೆಯನ್ನು ಮುದ್ರಿಸಿದಾಗ ಅದರ ಒಂಬತ್ತನೆಯ, ಕೊನೆಯ ಭಾಗವನ್ನು ರೈಟ್ ಒಬ್ಬರೇ ರಚಿಸಿದ್ದರು. ಅದು ಆರಿಹೋಗುವ ಹೊತ್ತಿನಲ್ಲಿ, ತಂಡದ ಮೊದಲ ದಿನಗಳ ಗೆಳೆಯ ಸಿಡ್ ಬ್ಯಾರೆಟ್ ಬರೆದ ‘ಸೀ ಎಮಿಲಿ ಪ್ಲೇ’ ಹಾಡಿನ ಕೆಲವು ಸ್ವರಗಳನ್ನು, ಕಿವಿಯಿಟ್ಟವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ನುಡಿಸಿ ಕೈ ತೆಗೆಯುತ್ತಾರೆ. ಕಳೆದುಹೋದ ಗೆಳೆಯನನ್ನು ಕುರಿತು ಇಡೀ ತಂಡ ಅಷ್ಟು ಹೊತ್ತು ಹಾಡಿದ ಮೇಲೆ, ಅವನಿಗೆ ಅವನದೇ ಹಾಡನ್ನು ಕೇಳಿಸಿ ಕಳಿಸಿಕೊಟ್ಟವರು ಅವರು.

2006ರ ಆಗಸ್ಟ್ 26ರಂದು ಪೋಲೆಂಡಿನ ಗ್ಡಾನ್ಸ್ಕ್ ನಗರದ ಹಡಗುಕಟ್ಟೆಯಲ್ಲಿ ಗಿಲ್ಮೋರ್ ಮತ್ತು ರೈಟ್ ‘ಎಕೋಸ್’ ನುಡಿಸಿದರು. ಅದರ ಧ್ವನಿಮುದ್ರಣ ಬಿಡುಗಡೆಯಾದದ್ದು ರೈಟ್ ತೀರಿಕೊಂಡ ಒಂದು ವಾರಕ್ಕೆ. ಅದರ ಮರುದಿನ ಬ್ರಿಟನ್ನಿನ ಟಿ.ವಿ. ಕಾರ್ಯಕ್ರಮವೊಂದರಲ್ಲಿ ಗೆಳೆಯನ ನೆನಪಿಗೆ ಹಾಡಲೆಂದು ಗಿಲ್ಮೋರ್ ಆರಿಸಿಕೊಂಡದ್ದು ಪ್ರಸಿದ್ಧವಾದ ಯಾವ ಹಾಡನ್ನೂ ಅಲ್ಲ, 1968ರ ಆಲ್ಬಮ್ಮಿನಲ್ಲಿ ರೈಟ್ ಬರೆದು ತಾವೇ ಹಾಡಿದ್ದ ‘ರಿಮೆಂಬರ್ ಎ ಡೇ’.

ನನ್ನ ಬಳಿಯಿರುವ ‘ಐಡೆಂಟಿಟಿ’ ಕ್ಯಾಸೆಟ್ಟಿನಲ್ಲಿ ‘ಐಸ್ ಆಫ್ ಎ ಜಿಪ್ಸಿ’ ಎಂಬ ಒಂದು ಹಾಡು ಹೆಚ್ಚಿಗೆ ಇದೆ; ಅಂದು ದೊಡ್ಡ ಗ್ರಾಮಫೋನ್ ತಟ್ಟೆಯನ್ನು ಕೊಂಡವರಿಗೆ ಅದು ಸಿಕ್ಕಿರಲಿಲ್ಲ. ಗೆಳೆಯ ಕೊಡುವಾಗ ಕ್ಯಾಸೆಟ್ಟಿನ ಡಬ್ಬಿಯ ಬೆನ್ನಿಗೆ ಒಂದು ಚೀಟಿ ಅಂಟಿಸಿ, ಅದರ ಮೇಲೆ ಕನ್ನಡದಲ್ಲಿ “ರೈಟ್ — ಇತರೆ” ಎಂದು ಬರೆದಿದ್ದ. ಬಹಳ ದಿನ ಅದು ಹಾಗೆಯೇ ಇತರೆ ಕ್ಯಾಸೆಟ್ಟುಗಳ ಡಬ್ಬದಲ್ಲಿತ್ತು. ಕಳೆದ ತಿಂಗಳು ಕಪಾಟು ಒರೆಸುವಾಗ ಆ ಚೀಟಿಯನ್ನು ಕಿತ್ತು, ಪಿಂಕ್ ಫ್ಲಾಯ್ಡ್ ಸಾಲಿನಲ್ಲಿ 1983ರ ‘ದ ಫೈನಲ್ ಕಟ್’ ಮತ್ತು 1987ರ ‘ಎ ಮೊಮೆಂಟರಿ ಲ್ಯಾಪ್ಸ್ ಆಫ್ ರೀಸನ್’ ಎರಡನ್ನೂ ಸ್ವಲ್ಪ ಸರಿಸಿ, ಅವುಗಳ ನಡುವೆ ಅದನ್ನು ಇಟ್ಟಿದ್ದೇನೆ.